ಕಸದ ಗಾಡಿಗೂ ಒಂದು ಟೈಮ್ ಬೇಕು

ಮಾನ್ಯ ಸಂಪಾದಕರೇ,

ರಸ್ತೆಗೆ ಕಸ ಎಸೆದವರ ಮನೆ ಬಾಗಿಲಿಗೇ ನಗರದ ಕಸ ವಿಲೇವಾರಿ ನೋಡುವವರು ಕಸ ತಂದು ಸುರಿದ ಸುದ್ದಿ 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅದಕ್ಕೆ ‘ಕಸ ಸುರಿಯುವ ಹಬ್ಬ’ ಅಂತ ಹೆಸರು ಬೇರೆ. ಎರಡು ಸಾವಿರ ದಂಡ ಅಂತಲೂ ಇತ್ತು. ನಮ್ಮ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಅದೇ ಮಾತು. ಹಾಗೇ ಆಗಬೇಕು ಇವರಿಗೆ ಅಂತ ಎಲ್ಲರೂ ಅಂದರು. ಅಂದವರಲ್ಲಿ ಅರ್ಧ ಜನ ಅವತ್ತು ಬೆಳಿಗ್ಗೆ ಕೈಯಲ್ಲಿ ಕಸದ ಕವರ್ ಹಿಡಿದುಕೊಂಡೇ ಮನೆ ಬಿಟ್ಟವರು!

ನಾನು ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಆರು ಮನೆಗಳ ವಠಾರದಲ್ಲಿ ಬಾಡಿಗೆಗೆ ಇದ್ದೇವೆ. ಒಂದು ಮನೆ ಬಿಟ್ಟು ಎಲ್ಲ ಮನೆಯಲ್ಲೂ ಗಂಡ ಹೆಂಡತಿ ಇಬ್ಬರೂ ದುಡಿಯುವವರೇ. ಎಂಟು ಗಂಟೆಗೆಲ್ಲ ಬಾಗಿಲಿಗೆ ಬೀಗ. ಕಸದ ಗಾಡಿ ಒಂದು ದಿನ ಏಳೂವರೆಗೆ ಬರುತ್ತದೆ, ಇನ್ನೊಂದು ದಿನ ಹತ್ತು ಗಂಟೆಗೆ. ಕೆಲವು ದಿನ ಬರುವುದೇ ಇಲ್ಲ. ಎಷ್ಟೋ ದಿನ ಅದರ ಹಾಡು ಕೇಳುವ ಹೊತ್ತಿಗೆ ನಾವು ಬಸ್ಸಿನಲ್ಲಿ ಇರುತ್ತೇವೆ. ಕಾಯುತ್ತಾ ನಿಲ್ಲೋಣ ಅಂದರೆ ಫ್ಯಾಕ್ಟರಿ ಗೇಟಿನಲ್ಲಿ ಯಾರು ಕೇಳುತ್ತಾರೆ? ತಡವಾದರೆ ಅರ್ಧ ದಿನದ ಸಂಬಳ ಹೋಯಿತು. ಕಸದ ಗಾಡಿ ಲೇಟಾಯ್ತು ಸಾರ್ ಅಂತ ಯಾವ ಸೂಪರ್‌ವೈಸರ್ ಹತ್ತಿರ ಹೇಳಲಿ?

ಜನರಿಗೆ ಕಸ ಬೇರೆ ಮಾಡಲು ಬರುವುದಿಲ್ಲ, ಅರಿವು ಮೂಡಿಸಬೇಕು ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ‘ಎರಡು ಡಬ್ಬಿ, ಒಂದು ಚೀಲ’ ಅಂತ ಹೇಳಿದ್ದು ನಮ್ಮ ವಠಾರದಲ್ಲಿ ಸಣ್ಣ ಮಕ್ಕಳಿಗೂ ಬಾಯಿಪಾಠ. ಹಸಿರು ಡಬ್ಬಿಗೆ ಹಸಿ ಕಸ. ಚೀಲಕ್ಕೆ ಒಣ ಕಸ. ಕೆಂಪು ಡಬ್ಬಿಗೆ ಪ್ಯಾಡು, ಡೈಪರ್, ಗಾಯದ ಬಟ್ಟೆ, ಮನೆ ಗುಡಿಸಿದ ಧೂಳು. ಕೂದಲೂ ಕೆಂಪಿಗೇ ಹೋಗಬೇಕಂತೆ. ಆದರೆ ಕೂದಲನ್ನು ನಾವು ಹೆಂಗಸರು ಕಸಕ್ಕೆ ಹಾಕುವುದಿಲ್ಲ ಬಿಡಿ. ಕೂದಲು ಕೊಳ್ಳುವವನು ಬೀದಿಗೆ ಬಂದಾಗ ಅದಕ್ಕೊಂದು ಪಾತ್ರೆ ಸಿಗುತ್ತದೆ.

ಹಾಲಿನ ಕವರನ್ನೇ ನೋಡಿ. ನಮ್ಮ ಮನೆಯಲ್ಲಿ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಚೂರು ಕವರಿಗೇ ಅಂಟಿಕೊಂಡಿರಬೇಕು. ಬೇರೆಯಾದರೆ ಆ ಉಗುರಿನಷ್ಟು ಪ್ಲಾಸ್ಟಿಕ್ ಸಿಂಕಿಗೆ ಬಿದ್ದು ಮೋರಿ ಸೇರುತ್ತದೆ, ಇಲ್ಲವೇ ತರಕಾರಿ ಸಿಪ್ಪೆ ಜೊತೆ ಹೋಗಿ ಗೊಬ್ಬರದಲ್ಲಿ ಉಳಿಯುತ್ತದೆ. ಕವರ್ ತೊಳೆದು ಒಳಗೆ ಕೈ ಹಾಕಿ ಬಿಡಿಸಿ, ಪಾತ್ರೆ ತೊಳೆಯುವ ಕಲ್ಲಿನ ಮೇಲಿನ ದಾರಕ್ಕೆ ಕ್ಲಿಪ್ ಹಾಕಿ ನೇತು ಹಾಕುತ್ತೇವೆ. ಸಂಜೆ ಹೊತ್ತಿಗೆ ಗರಿಗರಿ ಒಣಗಿರುತ್ತದೆ. ಗುಜರಿಯವರು ಅದನ್ನು ಕೆ.ಜಿ. ಲೆಕ್ಕದಲ್ಲಿ ತಗೊಳ್ಳುತ್ತಾರೆ. ಅದೇ ಚಿಪ್ಸ್ ಪ್ಯಾಕೆಟ್ ಕೊಟ್ಟರೆ ಮೂಸಿಯೂ ನೋಡುವುದಿಲ್ಲ. ಒಳಗೆ ಬೆಳ್ಳಿ ಥರ ಹೊಳೆಯುವ ಪದರ ಇರುತ್ತದಲ್ಲ, ಅದನ್ನು ಪ್ಲಾಸ್ಟಿಕ್‌ನಿಂದ ಬಿಡಿಸಲು ಆಗುವುದಿಲ್ಲ. ಮತ್ತೆ ಪ್ಲಾಸ್ಟಿಕ್ ಮಾಡಲು ಬಾರದ ಇಂಥದ್ದು ಕೊನೆಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ. ಹೂವಿನ ಹಾರ ಇನ್ನೊಂದು ತಾಪತ್ರಯ. ಬಾಳೆನಾರಿನಲ್ಲಿ ಕಟ್ಟಿದ್ದರೆ ಹಾಗೇ ಹಸಿ ಡಬ್ಬಿಗೆ. ನೈಲಾನ್ ದಾರವಾದರೆ ಕೂತು ಬಿಡಿಸಬೇಕು. ಹಬ್ಬದ ಮಾರನೇ ದಿನ ಅದಕ್ಕೇ ಒಂದಿಷ್ಟು ಹೊತ್ತು ಹೋಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ನಮಗೆ ಅರಿವು ಇಲ್ಲವಂತೆ.

ಪ್ಯಾಡಿನ ವಿಷಯವನ್ನೂ ಬರೆಯುತ್ತೇನೆ, ಯಾರೂ ಮುಜುಗರ ಪಟ್ಟುಕೊಳ್ಳಬೇಡಿ. 2016ರ ಘನತ್ಯಾಜ್ಯ ನಿಯಮದಲ್ಲಿ ಪ್ಯಾಡು, ಡೈಪರ್ ಮಾಡುವ ಕಂಪನಿಗಳಿಗೂ ಒಂದು ಕೆಲಸ ಹಚ್ಚಿದ್ದರು. ರೀಸೈಕಲ್ ಮಾಡಲು ಬರುವ ವಸ್ತುವಿನಲ್ಲಿ ಮಾಡುವ ದಾರಿ ಹುಡುಕಿ, ಇಲ್ಲವೇ ಒಂದೊಂದಕ್ಕೂ ಸುತ್ತಿ ಎಸೆಯಲು ಕವರ್ ಕೊಡಿ ಅಂತ. ನಮ್ಮ ಬೀದಿ ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಯಾಕೆಟ್ಟಿನಲ್ಲಿ ಅಂಥ ಕವರ್ ನಾನಂತೂ ಕಂಡಿಲ್ಲ. ಪೇಪರಿನಲ್ಲಿ ಸುತ್ತಿ, ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಇಡುತ್ತೇವೆ. ಗಾಡಿಯಲ್ಲಿ ಬರುವ ಅಕ್ಕ ಕೈಗವಸು ಇಲ್ಲದೆಯೇ ಕಸ ಕೆದಕುವುದನ್ನು ಗಾಡಿ ಸಿಕ್ಕ ದಿನ ನೋಡುತ್ತೇವೆ. ಗುರುತು ಇದ್ದರೆ ಅವರು ಬಿಚ್ಚಿ ನೋಡುವುದಿಲ್ಲ. ಈಗ 2026ರ ಏಪ್ರಿಲ್ 1ರಿಂದ ಕೇಂದ್ರದ ಹೊಸ ನಿಯಮ. ಹಸಿ, ಒಣ, ಸ್ಯಾನಿಟರಿ, ಆಮೇಲೆ ಬಲ್ಬು, ಪೇಂಟ್ ಡಬ್ಬಿ, ಹಳೇ ಔಷಧಿಯಂಥ ವಿಶೇಷ ಕಸ, ಹೀಗೆ ನಾಲ್ಕು ಭಾಗ. ಆಗಲಿ, ನಾಲ್ಕು ಮಾಡೋಣ. ಆದರೆ ನಾಲ್ಕನ್ನೂ ಯಾರ ಕೈಗೆ, ಎಷ್ಟು ಹೊತ್ತಿಗೆ ಕೊಡಬೇಕು?

ನಮ್ಮದು ಹತ್ತಡಿ ಅಗಲದ ಒಂದು ರೂಮು, ಅದರಲ್ಲೇ ಅಡುಗೆಮನೆ. ಬಾಲ್ಕನಿ ಇಲ್ಲ, ಹಿತ್ತಲಿಲ್ಲ. ಭಾನುವಾರ ಮೀನು ತಂದರೆ ಅದರ ತಲೆ, ಹುರುಪೆ ಎಲ್ಲ ಸೋಮವಾರದ ಗಾಡಿಗೆ ಕಾಯಬೇಕು. ಸೋಮವಾರ ತಪ್ಪಿತೋ, ಮಂಗಳವಾರ ಮನೆಯೊಳಗೆ ಕಾಲಿಡಲು ಆಗುವುದಿಲ್ಲ. ಡಬ್ಬಿಯನ್ನು ಹೊರಗಿಟ್ಟರೆ ನಾಯಿ ಎಳೆದಾಡುತ್ತದೆ. ನಾಯಿ ಬಿಟ್ಟರೆ ಡಬ್ಬಿಯನ್ನೇ ಯಾರೋ ಹೊತ್ತೊಯ್ಯುತ್ತಾರೆ. ಮೇಲಿನ ಮನೆಯ ಓನರ್ ಆಂಟಿ ಸ್ವಲ್ಪ ಕಾಲ ಎಲ್ಲರ ಡಬ್ಬಿಯನ್ನೂ ಗಾಡಿಗೆ ಕೊಡುತ್ತಿದ್ದರು. ಪಾಪ, ಅವರಿಗೆ ಮಂಡಿನೋವು ಶುರುವಾಯಿತು, ಅದೂ ನಿಂತಿತು. ಹೀಗಿರುವಾಗ ಬೆಳಿಗ್ಗೆ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕಕ್ಕೆ ಒಂದು ಕವರ್ ಬೀಳುತ್ತದೆ. ಒಂದು ಬಿದ್ದ ಮೇಲೆ ಕೇಳಬೇಕೇ? ಮಧ್ಯಾಹ್ನಕ್ಕೆ ಅಲ್ಲಿ ಕಸದ ರಾಶಿ, ಅದನ್ನೇ ‘ಬ್ಲಾಕ್ ಸ್ಪಾಟ್’ ಅನ್ನುವುದು.

ಆ ಜಾಗದಲ್ಲಿ ಗುಡಿಸಿ ರಂಗೋಲಿ ಬಿಡಿಸಿದ್ದಾಯಿತು. ದೇವರ ಫೋಟೋ ಇಟ್ಟಿದ್ದಾಯಿತು. ಕಸ ಹತ್ತು ಹೆಜ್ಜೆ ಆಚೆಗೆ ಹೋಯಿತು, ಅಷ್ಟೇ. ದೇವರಿಗೆ ಕೈ ಮುಗಿದು ಪಕ್ಕದ ಮೋರಿ ಹತ್ತಿರ ಇಟ್ಟು ಹೋಗುತ್ತಾರೆ. ಈಗ ಕ್ಯಾಮೆರಾ ಹಾಕುತ್ತಾರಂತೆ. ಕ್ಯಾಮೆರಾದಲ್ಲಿ ಯಾರು ಕಾಣುತ್ತಾರೆ ಅಂತ ಈಗಲೇ ಹೇಳಬಲ್ಲೆ. ಎಂಟು ಗಂಟೆಗೆ ಕುತ್ತಿಗೆಗೆ ಐಡಿ ಕಾರ್ಡು, ಹೆಗಲಿಗೆ ಊಟದ ಬ್ಯಾಗು ಹಾಕಿಕೊಂಡು ಓಡುವ ಹೆಂಗಸರು. ಕಾರಿನ ಕಿಟಕಿಯಿಂದ ಮೂಟೆ ಎಸೆದು ಹೋಗುವವರೂ ಇದ್ದಾರೆ. ಅವರಿಗೆ ದಂಡ ಹಾಕಿ, ಬೇಡ ಅನ್ನುವುದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ದುಡ್ಡಂತೂ ಕೊಡುತ್ತಿದ್ದೇವೆ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆ ಕಸದ ಶುಲ್ಕವೂ ಬರುತ್ತಿದೆ. ಮನೆಯ ಅಳತೆ ನೋಡಿಕೊಂಡು ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಕಟ್ಟುವವರು ಓನರ್, ಆದರೆ ಬಾಡಿಗೆ ಏರಿಸುವಾಗ ಅದನ್ನೂ ನೆನಪಿಟ್ಟುಕೊಂಡೇ ಏರಿಸುತ್ತಾರೆ ಅಲ್ವಾ?

ಕಸ ಬೇರೆ ಮಾಡುವುದು ಯಾಕೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಕಸ ಸುರಿಯುತ್ತಿದ್ದ ಹಳ್ಳಿಗಳಾದ ಮಾವಳ್ಳಿಪುರದವರು, ಮಂಡೂರಿನವರು ನಮ್ಮೆಲ್ಲರ ಕಸದ ನಾತ ಕುಡಿದವರು. ಅವರು ರಸ್ತೆಗಿಳಿದ ಮೇಲೆ ತಾನೇ ನಗರಕ್ಕೆ ಎಚ್ಚರವಾದದ್ದು. ಮಂಡೂರಿಗೆ ಕಸ ಹೋಗುವುದು ನಿಂತಿದ್ದು 2014ರ ಕೊನೆಗೆ. ಬೇರೆ ಮಾಡಿದ ಕಸವೂ ಮೋರಿ ಪಕ್ಕದಲ್ಲೇ ಒಂದಾಗಿಬಿಟ್ಟರೆ ಮತ್ತೆ ಇನ್ಯಾವುದೋ ಊರಿನ ಕ್ವಾರಿ ತುಂಬುತ್ತದೆ.

ನಾವು ಕೇಳುವುದು ಜಾಸ್ತಿ ಏನಿಲ್ಲ. ಬಾಡಿಗೆ ಮನೆಗಳೇ ಹೆಚ್ಚಿರುವ ಬೀದಿಗಳಿಗೆ ಬೆಳಿಗ್ಗೆ ಏಳರೊಳಗೆ ಗಾಡಿ ಬರಲಿ. ಅದಾಗದಿದ್ದರೆ ಸಂಜೆ ಏಳರ ಮೇಲೆ ಬರಲಿ, ನಾವೇ ನಿಂತು ಕೊಡುತ್ತೇವೆ. ಒಣ ಕಸವನ್ನು ವಾರದ ಮಧ್ಯೆ ಕೇಳುವ ಬದಲು ಭಾನುವಾರ ತಗೊಳ್ಳಲಿ, ಅದೇನೂ ಕೊಳೆಯುವುದಿಲ್ಲ. ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರವನ್ನು ಭಾನುವಾರ ಮಧ್ಯಾಹ್ನದವರೆಗೆ ತೆರೆದಿಟ್ಟರೆ ನಾವೇ ಚೀಲ ಹೊತ್ತು ತರಲೂ ತಯಾರು. ಗಾಡಿಯವರನ್ನು ಬೈಯುವುದೂ ಬೇಡ. ಅಷ್ಟು ಬೀದಿ, ಒಂದೇ ಗಾಡಿ, ಕಸ ಇಳಿಸುವ ಕಡೆ ಸಾಲು ಇದ್ದರೆ ಅವರೂ ಕಾಯಬೇಕು. ಗಾಡಿಗಳಿಗೆ ಜಿಪಿಎಸ್ ಹಾಕಿದ್ದಾರೆ, ಕಚೇರಿಯಲ್ಲಿ ಕೂತವರಿಗೆ ಗಾಡಿ ಎಲ್ಲಿದೆ ಅಂತ ಕಾಣುತ್ತದೆ. ಅದನ್ನೇ ನಮ್ಮ ಮೊಬೈಲಿಗೂ ಕಾಣಿಸುವ ಹಾಗೆ ಮಾಡಲಿ. ಅದು ಕಷ್ಟವಾದರೆ ಬೀದಿ ಕೊನೆಯ ಗೋಡೆ ಮೇಲೆ ಬಣ್ಣದಲ್ಲಿ ಎರಡು ಸಾಲು ಬರೆಸಲಿ: ಗಾಡಿ ಇಷ್ಟು ಹೊತ್ತಿಗೆ ಬರುತ್ತದೆ, ಬರದಿದ್ದರೆ ಈ ನಂಬರಿಗೆ ಫೋನ್ ಮಾಡಿ. ‘ಇಲ್ಲಿ ಕಸ ಹಾಕಿದರೆ ದಂಡ’ ಅಂತ ಈಗಾಗಲೇ ಬರೆದಿದ್ದಾರೆ, ಅದರ ಕೆಳಗೆ ಬೇಕಾದಷ್ಟು ಜಾಗ ಇದೆ.

ಇಂತಿ,
ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿ,
ಬೆಂಗಳೂರು