ಪರ್ತ್‌ನಿಂದ ಅಪ್ಪನಿಗೆ: ಇಲ್ಲಿನ ಮೇಲ್ಮನೆಯ ಹೊಸ ಮತದಾನ

ಪರ್ತ್, ಮೇ 2025

ಅಪ್ಪ, ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿನ ಚುನಾವಣೆ ಬಗ್ಗೆ ಫೋನಿನಲ್ಲಿ ಕೇಳಿದ್ದಿರಿ. ಅದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾರ್ಚ್ 8ರಂದು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಚುನಾವಣೆ ನಡೆಯಿತು. ಕೆಳಮನೆಗೆ 59 ಜನ, ಮೇಲ್ಮನೆಗೆ 37. ನಮ್ಮ ವಿಧಾನ ಪರಿಷತ್ತಿನ ಹಾಗಲ್ಲ, ಇಲ್ಲಿ ಮೇಲ್ಮನೆಗೂ ಎಲ್ಲರೂ ನೇರವಾಗಿ ಮತ ಹಾಕುತ್ತಾರೆ. ಆ ಮತದಾನದ ಕ್ರಮವನ್ನೇ 2021ರಲ್ಲಿ ಕಾನೂನು ತಂದು ಬದಲಾಯಿಸಿದರು. ಹೊಸ ಕ್ರಮದಲ್ಲಿ ಇದೇ ಮೊದಲ ಚುನಾವಣೆ.

ಮೊದಲು ಮೇಲ್ಮನೆಗೆ ಆರು ವಲಯಗಳಿದ್ದವು, ವಲಯಕ್ಕೆ ಆರು ಸದಸ್ಯರು. ಮೂರು ವಲಯ ಪರ್ತ್ ನಗರಕ್ಕೆ, ಮೂರು ಹೊರಗಿನ ಊರುಗಳಿಗೆ. ಆದರೆ ಸುಮಾರು ಮುಕ್ಕಾಲು ಪಾಲು ಜನ ಇರುವುದು ನಗರದಲ್ಲಿ. ಗಣಿ ಮತ್ತು ದನಕುರಿ ಸಾಕಣೆಯ ದೂರದ ವಲಯದ ಒಂದು ಮತಕ್ಕೆ ನಗರದ ಮತಕ್ಕಿಂತ ಸುಮಾರು ಆರು ಪಟ್ಟು ತೂಕವಿತ್ತು.

ಇದಕ್ಕಿಂತ ನನಗೆ ಬೇಸರ ತಂದದ್ದು ಇನ್ನೊಂದು ಸಂಗತಿ. ನೀವು ಶಿಕ್ಷಕರ ಕ್ಷೇತ್ರದಲ್ಲಿ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಿದ್ದಿರಲ್ಲ, ಇಲ್ಲಿಯೂ ಲೆಕ್ಕ ಹಾಗೆಯೇ. ಆದರೆ ಹೆಚ್ಚಿನವರು ಒಂದು ಪಕ್ಷಕ್ಕೆ 1 ಎಂದು ಬರೆದು ಬಂದುಬಿಡುತ್ತಿದ್ದರು. ಉಳಿದ ಪ್ರಾಶಸ್ತ್ಯ ಯಾರಿಗೆ ಹೋಗಬೇಕು ಎಂದು ಆ ಪಕ್ಷವೇ ಮೊದಲೇ ಬರೆದುಕೊಟ್ಟಿರುತ್ತಿತ್ತು. ಸಣ್ಣ ಪಕ್ಷಗಳು ಒಳಗೊಳಗೇ ಮಾತಾಡಿಕೊಂಡು ಮತಗಳನ್ನು ದಾಟಿಸುತ್ತಿದ್ದವು. 2021ರಲ್ಲಿ ಡೇಲೈಟ್ ಸೇವಿಂಗ್ ಪಾರ್ಟಿಯ ವಿಲ್ಸನ್ ಟಕರ್ ಆ ಗಣಿ ವಲಯದಿಂದ ಗೆದ್ದರು. ಸಿಕ್ಕ ಮೊದಲ ಪ್ರಾಶಸ್ತ್ಯದ ಮತ ಬರೀ 98. ಅವರೇನೂ ಕಾನೂನು ಮುರಿಯಲಿಲ್ಲ. ಆದರೆ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡಬೇಕು ಎನ್ನುವ ಪಕ್ಷ ಅದು. ಇದನ್ನು ಈ ರಾಜ್ಯದ ಜನ ನಾಲ್ಕು ಸಲ ಜನಮತಗಣನೆಯಲ್ಲಿ ಬೇಡ ಅಂದಿದ್ದಾರೆ. ಯಾರಿಗೋ ಹಾಕಿದ ಮತ ಗೊತ್ತೇ ಇಲ್ಲದವರಿಗೆ ಹೋಗುವುದು ಅನ್ಯಾಯ ಅಲ್ವಾ?

ಈಗ ಮೇಲ್ಮನೆಗೆ ಇಡೀ ರಾಜ್ಯವೇ ಒಂದು ಕ್ಷೇತ್ರ. ಪಕ್ಷ ಬರೆದುಕೊಡುತ್ತಿದ್ದ ಪ್ರಾಶಸ್ತ್ಯದ ಪಟ್ಟಿ ಹೋಯಿತು, ಮುಂದಿನ ಪ್ರಾಶಸ್ತ್ಯವನ್ನೂ ನಾವೇ ಬರೆಯಬೇಕು. ಫಲಿತಾಂಶ ನೋಡಿ. ಲೇಬರ್ ಪಕ್ಷಕ್ಕೆ ಎರಡೂ ಮನೆಗಳಲ್ಲಿ ನೂರಕ್ಕೆ ಸುಮಾರು 41 ಮತ ಬಂತು. ಕೆಳಮನೆಯಲ್ಲಿ ಅದಕ್ಕೆ 59ರಲ್ಲಿ 46 ಸ್ಥಾನ. ಮೇಲ್ಮನೆಯಲ್ಲಿ 37ರಲ್ಲಿ 16 ಮಾತ್ರ. ಮತ ಎಷ್ಟೋ ಸ್ಥಾನವೂ ಹೆಚ್ಚುಕಡಿಮೆ ಅಷ್ಟೇ. ಹಿಂದಿನ ಸಲ ಅವರಿಗೆ ಮೇಲ್ಮನೆಯಲ್ಲೂ ಬಹುಮತ ಇತ್ತು. ಈಗ ಮಸೂದೆ ಪಾಸಾಗಬೇಕಾದರೆ ಬೇರೆಯವರ ಜೊತೆ ಕೂತು ಮಾತಾಡಲೇಬೇಕು. ಇದು ನನಗೆ ತುಂಬಾ ಹಿಡಿಸಿತು.

ಆದರೆ ಬದಲಾವಣೆ ತಂದ ರೀತಿ ಸರಿಯಾಗಿರಲಿಲ್ಲ. 2021ರ ಚುನಾವಣೆಗೆ ಮುಂಚೆ ಆಗಿನ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ), ಲೇಬರ್ ಪಕ್ಷದ ಮಾರ್ಕ್ ಮೆಕ್‌ಗೊವನ್ ಅವರನ್ನು ಕೇಳಿದಾಗ, ಇದು ನಮ್ಮ ಅಜೆಂಡಾದಲ್ಲಿಲ್ಲ ಅಂದಿದ್ದರು. ಭಾರೀ ಬಹುಮತ ಬಂದ ವರ್ಷವೇ ಕಾನೂನು ಮಾಡಿಬಿಟ್ಟರು. ಮಾಜಿ ಗವರ್ನರ್ ಮಾಲ್ಕಂ ಮೆಕಸ್ಕರ್ ನೇತೃತ್ವದ ಸಮಿತಿಯ ವರದಿ ಪಡೆದಿದ್ದರು ನಿಜ. ಆದರೂ ಜನರ ಮತ ತೂಗುವ ತಕ್ಕಡಿಯನ್ನು ಬದಲಾಯಿಸುವ ಮುಂಚೆ ಜನರಿಗೆ ಹೇಳಬೇಕಿತ್ತು.

ಹಳ್ಳಿ ಕಡೆಯವರ ಸಿಟ್ಟೂ ಸುಮ್ನೆ ಅಲ್ಲ. ರಾಜ್ಯದ ಉತ್ತರದ ಊರು ಬ್ರೂಮ್‌ನಿಂದ ಪರ್ತ್‌ಗೆ ರಸ್ತೆಯಲ್ಲಿ 2,000 ಕಿಲೋಮೀಟರ್‌ಗೂ ಜಾಸ್ತಿ. ನಮ್ಮ ಕಷ್ಟ ಕೇಳಲು ಇನ್ನು ಯಾರು ಬರುತ್ತಾರೆ ಎಂಬುದು ಅವರ ಪ್ರಶ್ನೆ. ನನ್ನ ಪ್ರಕಾರ ಆ ದೂರಕ್ಕೆ ಕಚೇರಿ, ಸಿಬ್ಬಂದಿ, ಓಡಾಟದ ಖರ್ಚು ಧಾರಾಳವಾಗಿ ಕೊಡಬೇಕು. ಹೆಚ್ಚಿನ ತೂಕದ ಮತ ಕೊಡಬಾರದು. ಅಂದಹಾಗೆ, ಕೆಳಮನೆಯಲ್ಲಿ ತೀರಾ ವಿಸ್ತಾರವಾದ ಕ್ಷೇತ್ರಗಳಿಗೆ ಆ ರಿಯಾಯಿತಿ ಈಗಲೂ ಇದೆ. ಅಲ್ಲಿ ಕಡಿಮೆ ಮತದಾರರಿದ್ದರೂ ಒಬ್ಬ ಸದಸ್ಯ.

ಈಗಲೂ ಒಂದೇ ಪಕ್ಷಕ್ಕೆ 1 ಬರೆದರೆ ಸಾಕು, ಮತ ಸಿಂಧು. ಆದರೆ ಆ ಪಕ್ಷ ಲೆಕ್ಕದಿಂದ ಹೊರಬಿದ್ದರೆ ಮತವೂ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಶಿಕ್ಷಕರ ಕ್ಷೇತ್ರದಲ್ಲಿ ಮೇಷ್ಟ್ರುಗಳು ಎಷ್ಟನೆಯ ಪ್ರಾಶಸ್ತ್ಯದವರೆಗೆ ಬರೆಯುತ್ತಿದ್ದರು? ನೀವು ಹೇಗೆ ಬರೆಯುತ್ತಿದ್ದಿರಿ? ಮುಂದಿನ ಸಲ ಫೋನ್ ಮಾಡಿದಾಗ ಹೇಳಿ.

ನಿಮ್ಮ ಮಗಳು