ಬೋಲ್ಡ್ ಅಂದ್ರೆ ಬರೀ ಬಟ್ಟೆನಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಸಿನಿಮಾ ಪುಟದಲ್ಲಿ 'ಬೋಲ್ಡ್' ಅನ್ನೋ ಪದ ಬಂತು ಅಂದ್ರೆ ಪಕ್ಕದ ಫೋಟೋ ಹೆಂಗಿರುತ್ತೆ ಅಂತ ನೋಡ್ದೇನೇ ಹೇಳ್ಬಹುದು. ಬೋಲ್ಡ್ ಲುಕ್, ಬೋಲ್ಡ್ ಫೋಟೋಶೂಟ್, ಬೋಲ್ಡ್ ಪಾತ್ರ, ಎಲ್ಲದಕ್ಕೂ ಅಳತೆಗೋಲು ಬಟ್ಟೆನೇ. ಮೊನ್ನೆ 1977ರ ಹಾಲಿವುಡ್ ಸಿನಿಮಾ ಸ್ಟಾರ್ ವಾರ್ಸ್ ಇನ್ನೊಂದ್ಸಲ ನೋಡ್ದೆ, ಅದ್ರಲ್ಲಿ ದಂಗೆಕೋರರ ಕಡೆಯ ರಾಜಕುಮಾರಿ ಲೇಯಾ ಕುತ್ತಿಗೆಯಿಂದ ಪಾದದವರೆಗೂ ಬಿಳಿ ಬಟ್ಟೆ ತೊಟ್ಟಿರ್ತಾಳೆ, ಆದ್ರೂ ನಿಮ್ಮ ಪುಟದ ಯಾವ ಬೋಲ್ಡ್ ಬೆಡಗಿನೂ ಅವಳ ಹತ್ರ ಸುಳಿಯಕ್ಕಾಗಲ್ಲ.

ವಿಲನ್ ಟಾರ್ಕಿನ್ ಮುಂದೆ ಅವಳನ್ನ ಹಿಡ್ಕೊಂಡ್ ಬರ್ತಾರಲ್ಲ, ಆ ಸೀನ್ ಹೇಳ್ತಿದೀನಿ. ಬೆನ್ನ ಹಿಂದೇನೇ ಕಪ್ಪು ಮುಖವಾಡದ ಇನ್ನೊಬ್ಬ ವಿಲನ್ ಡಾರ್ತ್ ವೇಡರ್ ನಿಂತಿದಾನೆ, ಅವಳ ಕೈಯಲ್ಲಿ ಆಯುಧ ಇಲ್ಲ, ಬಿಡಿಸೋಕೆ ಯಾವ ಹೀರೋನೂ ಇನ್ನೂ ಬಂದಿಲ್ಲ. ಬಂದವಳೇ ಟಾರ್ಕಿನ್‌ಗೆ, ವೇಡರ್ ಕೊರಳ ಹಗ್ಗ ಹಿಡಿದಿರೋನು ನೀನೇ ಅಂತ ಗೊತ್ತಿತ್ತು, ಇಲ್ಲಿಗೆ ಕರ್ಕೊಂಡ್ ಬಂದಾಗ್ಲೇ ನಿನ್ನ ನಾತ ಹೊಡೀತು ಅಂತ ಮುಖಕ್ಕೇ ಹೇಳ್ತಾಳೆ. ಮುಷ್ಟಿ ಬಿಗಿ ಮಾಡ್ದಷ್ಟೂ ನಕ್ಷತ್ರಲೋಕಗಳು ನಿನ್ನ ಬೆರಳ ಸಂದೀಲಿ ಜಾರಿ ಹೋಗ್ತವೆ ಅಂತಾಳೆ. ಶೂಟಿಂಗ್ ಟೈಮಲ್ಲಿ ಲೇಯಾ ಪಾತ್ರ ಮಾಡಿದ್ದ ಕ್ಯಾರಿ ಫಿಶರ್‌ಗೆ ಬರೀ 19 ವರ್ಷ. (ತಮಾಷೆ ಏನಂದ್ರೆ ಎದುರಿಗೆ ಟಾರ್ಕಿನ್ ಆಗಿದ್ದ ಪೀಟರ್ ಕುಶಿಂಗ್‌ಗೆ ಕೊಟ್ಟಿದ್ದ ಬೂಟು ಟೈಟಾಗಿ ಅವ್ರು ಚಪ್ಪಲಿ ಮೆಟ್ಕೊಂಡೇ ಆ ಕ್ರೌರ್ಯ ಎಲ್ಲಾ ಮಾಡಿದ್ರು, ಅಷ್ಟು ಒಳ್ಳೆ ಮನುಷ್ಯನ್ನ ದ್ವೇಷಿಸೋದೇ ಕಷ್ಟ ಆಯ್ತು ಅಂತ ಫಿಶರ್ ಆಮೇಲೆ ಹೇಳ್ಕೊಂಡಿದ್ರು.)

ಆದ್ರೆ ನನಗೆ ಹಿಡಿಸಿದ್ದು ಆ ಡೈಲಾಗ್‌ಗಿಂತ ಅದಾದ್ಮೇಲಿನ ಒಂದು ನಿಮಿಷ. ದಂಗೆಕೋರರ ಅಡ್ಡ ಎಲ್ಲಿದೆ ಹೇಳು, ಇಲ್ಲಾಂದ್ರೆ ನಿನ್ನ ಗ್ರಹ ಆಲ್ಡರಾನ್ ಉಡಾಯಿಸ್ತೀನಿ ಅಂತಾನೆ ಟಾರ್ಕಿನ್. ಆಗ ಅವಳ ದನಿ ಬಿದ್ದೋಗುತ್ತೆ, ನಮ್ಮದು ಶಾಂತಿಯ ಜಾಗ, ನಮ್ಹತ್ರ ಆಯುಧನೇ ಇಲ್ಲ ಅಂತ ಬೇಡ್ತಾಳೆ, ಕೊನೆಗೆ ತಲೆ ತಗ್ಗಿಸಿ ಡಾಂಟೂಯಿನ್ ಅಂತ ಒಂದು ಗ್ರಹದ ಹೆಸರು ಹೇಳ್ತಾಳೆ. ಅಯ್ಯೋ ಸೋತೇ ಹೋದ್ಲಲ್ಲ ಅನ್ಸುತ್ತೆ. ನೋಡಿದ್ರೆ ಅದು ಯಾವತ್ತೋ ಖಾಲಿ ಮಾಡಿದ್ದ ಹಳೇ ಅಡ್ಡ! ಕೈಕಾಲು ನಡುಗೋ ಹೊತ್ತಲ್ಲೂ ಅವಳ ತಲೆ ಓಡ್ತಾ ಇತ್ತು. ಆಲ್ಡರಾನ್ ಅಂತೂ ಉಳೀಲಿಲ್ಲ, ಆ ದುಷ್ಟ ಮಾತು ತಪ್ಪಿ ಉಡಾಯಿಸಿಯೇ ಬಿಟ್ಟ, ಅವಳ ಕಣ್ಮುಂದೇನೇ. ಈಗಿನ ಸಿನಿಮಾದಲ್ಲಿ ಧೈರ್ಯವಂತೆ ಅಂದ್ರೆ ಸ್ಲೋಮೋಷನ್ನಲ್ಲಿ ನಡ್ಕೊಂಡ್ ಬಂದು ನಾಕು ಪಂಚ್ ಹೊಡೀಬೇಕು, ಭಯ ಅನ್ನೋದು ಮುಖದ ಮೇಲೆ ಸುಳೀಲೇಬಾರ್ದು. ಕಳ್ಕೊಳ್ಳೋಕೆ ಏನೂ ಇಲ್ದೋಳು ಎದುರು ಮಾತಾಡಿದ್ರೆ ಅದ್ರಲ್ಲೇನು ಹೆಚ್ಚುಗಾರಿಕೆ?

ಇದೇ ಸರಣಿಯ 1983ರ ಸಿನಿಮಾದಲ್ಲಿ ಇದೇ ಲೇಯಾಗೆ ಲೋಹದ ತುಂಡು ಬಟ್ಟೆ ತೊಡಿಸಿ ಕೊರಳಿಗೆ ಸರಪಳಿ ಹಾಕಿ ಕೂರಿಸ್ತಾನೆ ಜಬ್ಬಾ ಅನ್ನೋ ದೈತ್ಯ ಹುಳದಂಥ ವಿಲನ್. ಜನಕ್ಕೆ ನೆನಪಿರೋದು, ಪೋಸ್ಟರ್ ಆಗಿದ್ದು ಆ ಬಟ್ಟೆ. ಅದೇ ಸರಪಳಿಯಿಂದ ಅವನ ಕತ್ತು ಬಿಗಿದು ಸಾಯಿಸಿದ್ಲಲ್ಲ, ಅದನ್ನ ಯಾರೂ ಗೋಡೆಗೆ ಅಂಟಿಸ್ಕೊಳ್ಳಲಿಲ್ಲ. ಮಕ್ಕಳು ಆ ಡ್ರೆಸ್ ಬಗ್ಗೆ ಕೇಳಿದ್ರೆ ಏನ್ ಹೇಳೋದು ಅಂದಾಗ ಫಿಶರ್ ಕೊಟ್ಟ ಉತ್ತರ ಇದು: ಒಂದು ದೊಡ್ಡ ಗೊಂಡೆಹುಳ ನನ್ನ ಹಿಡ್ದು ಬಲವಂತವಾಗಿ ಆ ದರಿದ್ರ ಡ್ರೆಸ್ ಹಾಕಿಸ್ತು, ನನಗೆ ಇಷ್ಟ ಆಗಲಿಲ್ಲ, ಅದಕ್ಕೇ ಸಾಯಿಸ್ದೆ ಅಂತ ಹೇಳಿ.

ಹಂಗಾಗಿ ಸಂಪಾದಕರೇ, ಮುಂದಿನ ವಾರ ಬಟ್ಟೆ ವಿಷ್ಯ ಬರೆಯೋದಾದ್ರೆ ಬಟ್ಟೆ ಅಂತ್ಲೇ ಹಾಕಿ, ಬೋಲ್ಡ್ ಅನ್ನೋ ಪದಾನ ಸ್ವಲ್ಪ ದಿನ ಸುಮ್ನೆ ಬಿಡಿ.

ಇಂತಿ,
ನಿಮ್ಮ ಸಿನಿಮಾ ಪುಟದ ಹಳೇ ಓದುಗ