ವಂಶವೃಕ್ಷದ ಪ್ರತಿ ಇಳಿಸಿಕೊಳ್ಳುವ ಬಗ್ಗೆ

ನಮ್ಮ ಒಕ್ಕದ (ಕೊಡವ ಮನೆತನದ) ಹಿರಿಯರಿಗೂ ಎಲ್ಲ ಅಕ್ಕತಂಗಿಯರಿಗೂ ಅಣ್ಣತಮ್ಮಂದಿರಿಗೂ ನಮಸ್ಕಾರ.

ನಮ್ಮ ವಂಶವೃಕ್ಷವಿರುವ ಜಾಲತಾಣ ಹೊಸ ರೂಪಕ್ಕೆ ಬದಲಾದ ಮೇಲೆ ಅನೇಕರು ಬೇಸರದಿಂದ ಕರೆ ಮಾಡಿದ್ದೀರಿ. ನನಗೂ ಅಷ್ಟೇ ಸಂಕಟವಾಗಿದೆ. ಒಕ್ಕದ ಹೆಸರು ಮೊದಲು, ವ್ಯಕ್ತಿಯ ಹೆಸರು ನಂತರ ಎಂಬ ನಮ್ಮ ಕ್ರಮವೇ ಅಲ್ಲಿ ತಲೆಕೆಳಗಾಗಿದೆ. ಮದುವೆಯಾಗಿ ಬಂದವರ ತವರಿನ ಒಕ್ಕ ತಿಳಿಯಲು ಮೂರು ಪುಟ ದಾಟಬೇಕು. ಒಕ್ಕದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆಯಲ್ಲಿ (ದೀಪವಿರುವ ನಡುಮನೆಯಲ್ಲಿ) ಕುಳಿತು ಅಜ್ಜಿಯರಿಂದ ಕೇಳಿ ಬರೆದುಕೊಂಡ ಹೆಸರುಗಳು ಅವು, ಒಂದೂ ಕಳೆಯಬಾರದು.

ತಮ್ಮ ಕವಲಿನ ವಿವರ ನೋಡಿಕೊಳ್ಳುವವರು ಈ ಭಾನುವಾರದೊಳಗೆ ಖಾತೆಯಿಂದ ಜೆಡ್‌ಕಾಮ್ (GEDCOM) ಎಂಬ ವಂಶಾವಳಿ ಕಡತವನ್ನು ಇಳಿಸಿಕೊಳ್ಳಿ. ವಂಶಾವಳಿಯ ಬೇರೆ ತಂತ್ರಾಂಶಗಳಲ್ಲೂ ಅದು ತೆರೆಯುತ್ತದೆ. ಹೆಸರು, ದಿನಾಂಕ, ಸಂಬಂಧಗಳು ಅದರಲ್ಲಿ ಬರುತ್ತವೆ. ಫೋಟೊಗಳು ಸಾಮಾನ್ಯವಾಗಿ ಬರುವುದಿಲ್ಲ, ಅವನ್ನು ಪ್ರತ್ಯೇಕವಾಗಿ ಉಳಿಸಿ. ಜಾಲತಾಣ ಸೂಚಿಸಿತೆಂದು ಇಬ್ಬರನ್ನು ಒಂದಾಗಿ ಸೇರಿಸಬೇಡಿ. ಅಜ್ಜನ ಹೆಸರನ್ನೇ ಹೊತ್ತ ಮೊಮ್ಮಕ್ಕಳು ನಮ್ಮಲ್ಲಿ ಹಲವರಿದ್ದಾರೆ.

ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಬರುವಾಗ ಮುದ್ರಿಸಿದ ಒಂದು ಪ್ರತಿಯನ್ನು ತನ್ನಿ, ಹಿರಿಯರೊಂದಿಗೆ ಕುಳಿತು ತಾಳೆ ನೋಡೋಣ. ಕಡತ ಸಿಕ್ಕವರು ಇಲ್ಲಿಯೇ ‘ಆಯಿತು’ ಎಂದು ತಿಳಿಸಿ. ತೊಡಕಾದವರು ಸಂಕೋಚಪಡದೆ ಸಂಜೆ ಆರರ ನಂತರ ನನಗೆ ಕರೆ ಮಾಡಿ.